ಪರೀಕ್ಷೆಯಲ್ಲಿ 94 ಅಂಕ ಬಂದರೂ ಓದುಗರ ಮೊಬೈಲಿನಲ್ಲಿ ಪುಟ ತೆರೆಯಲು ಏಳು ಸೆಕೆಂಡು ಬೇಕಾಗುತ್ತಿದೆ

ದಾಖಲೆಮನೆ:

ಎಲ್ಲರಿಗೂ ನಮಸ್ಕಾರ. ಹಳೆಯ ಛಾಯಾಚಿತ್ರಗಳನ್ನೂ ಅವುಗಳ ಹಿನ್ನೆಲೆಯನ್ನು ವಿವರಿಸುವ ಲೇಖನಗಳನ್ನೂ ಸಂಗ್ರಹಿಸಿಡುವ ಒಂದು ಜಾಲತಾಣವನ್ನು ನಾವು ಮೂವರು ಬಿಡುವಿನ ವೇಳೆಯಲ್ಲಿ ನಡೆಸುತ್ತಿದ್ದೇವೆ. ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ಈ ತಾಣದಲ್ಲಿ ಸುಮಾರು 3,000 ಲೇಖನಗಳೂ 11,000 ಚಿತ್ರಗಳೂ ಇವೆ. ಓದುಗರಲ್ಲಿ ಹೆಚ್ಚಿನವರು ಬರುವುದು ಮೊಬೈಲಿನಿಂದ.

ನನ್ನ ಕಂಪ್ಯೂಟರಿನಲ್ಲಿ ಮುಖಪುಟ ಎರಡು ಸೆಕೆಂಡಿನೊಳಗೆ ತೆರೆದುಕೊಳ್ಳುತ್ತದೆ; ಗೂಗಲ್‌ನ ಲೈಟ್‌ಹೌಸ್ ಎಂಬ ವೇಗದ ಪರೀಕ್ಷೆಯಲ್ಲಿ ನೂರಕ್ಕೆ 94 ಅಂಕ ಬಂದಿದೆ. ಹಾಗಿದ್ದರೂ ಕೆಲವು ತಿಂಗಳಿಂದ ಓದುಗರದು ಒಂದೇ ದೂರು: ಪುಟ ತೆರೆಯುವಷ್ಟರಲ್ಲಿ ತಾಳ್ಮೆ ಮುಗಿದುಹೋಗುತ್ತದೆ. ಮೊನ್ನೆ ನನ್ನ ತಾಯಿಯ ಹಳೆಯ ಮೊಬೈಲಿನಲ್ಲಿ ತೆರೆದು ನೋಡಿದೆ. ಮೇಲ್ಭಾಗದ ದೊಡ್ಡ ಚಿತ್ರ ಮೂಡುವಷ್ಟರಲ್ಲಿ ಏಳು ಸೆಕೆಂಡು ಕಳೆದಿತ್ತು. ಅಷ್ಟು ಹೊತ್ತು ಖಾಲಿ ಪರದೆಯನ್ನು ನೋಡುತ್ತ ಕುಳಿತಾಗ, ದೂರು ಕೊಟ್ಟವರ ಮೇಲೆ ನನಗಿದ್ದ ಸಣ್ಣ ಅಸಮಾಧಾನವೂ ಹೊರಟುಹೋಯಿತು.

ಇದುವರೆಗೆ ಮಾಡಿರುವುದಿಷ್ಟು: ಎರಡು ಕ್ಯಾಶ್ ಪ್ಲಗಿನ್‌ಗಳನ್ನು (ಒಮ್ಮೆ ಕಟ್ಟಿದ ಪುಟದ ಪ್ರತಿಯನ್ನು ಉಳಿಸಿಟ್ಟು ಮತ್ತೆ ಕೊಡುವ ಸೇರ್ಪಡೆಗಳು) ಹಾಕಿದ್ದೇವೆ, ಪುಟದ ಅಂದವನ್ನು ನಿರ್ಧರಿಸುವ ಸಿಎಸ್‌ಎಸ್ ಮತ್ತು ಚಲನೆಯನ್ನು ನಿರ್ಧರಿಸುವ ಜಾವಾಸ್ಕ್ರಿಪ್ಟ್ ಫೈಲುಗಳನ್ನು ಕುಗ್ಗಿಸಿ ಒಂದಾಗಿ ಜೋಡಿಸಿದ್ದೇವೆ, ಎಲ್ಲ ಚಿತ್ರಗಳಿಗೂ ಲೇಜಿ ಲೋಡಿಂಗ್ ಹಾಕಿದ್ದೇವೆ (ಚಿತ್ರ ಪರದೆಯ ಹತ್ತಿರ ಬಂದಾಗ ಮಾತ್ರ ಇಳಿಯುವ ಏರ್ಪಾಡು), ಹೋಸ್ಟಿಂಗ್‌ನಲ್ಲಿ ಮೇಲಿನ ಯೋಜನೆಗೆ ಹೋಗಿದ್ದೇವೆ. ಯಾವುದರಿಂದಲೂ ಕಣ್ಣಿಗೆ ಕಾಣುವಂಥ ಬದಲಾವಣೆ ಆಗಿಲ್ಲ. ಇನ್ನು ಏನು ಮಾಡಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಸರ್ವರ್‌ಕಾಯಕ:

ದಾಖಲೆಮನೆಯವರೇ, ಇನ್ನು ಏನು ಮಾಡಬೇಕು ಎನ್ನುವ ಮೊದಲು, ಆ ಏಳು ಸೆಕೆಂಡು ಎಲ್ಲೆಲ್ಲಿ ಹೋಗುತ್ತಿದೆ ಎಂಬುದನ್ನು ನೋಡೋಣ. ನೀವು ಮಾಡಿರುವ ಕೆಲಸಗಳಲ್ಲಿ ಯಾವುದೂ ತಾನಾಗಿ ಕೆಟ್ಟದ್ದಲ್ಲ; ಆದರೆ ಯಾವ ನೋವಿಗೆಂದು ತಿಳಿಯದೆ ಕೊಟ್ಟ ಮದ್ದುಗಳು ಅವು.

ಮೊದಲಿಗೆ ಆ 94ರ ವಿಚಾರ. ಅದು ಬಹುಶಃ ಡೆಸ್ಕ್‌ಟಾಪ್ ಆಯ್ಕೆಯಲ್ಲಿ ಬಂದ ಅಂಕ. ಅದೇ ಪರೀಕ್ಷೆಯನ್ನು ಮೊಬೈಲ್ ಆಯ್ಕೆಯಲ್ಲಿ ನಡೆಸಿದರೆ ಸೆಕೆಂಡಿಗೆ ಸುಮಾರು 1.6 ಮೆಗಾಬಿಟ್‌ನ ಸಂಪರ್ಕ, ಹೋಗಿಬರಲು 150 ಮಿಲಿಸೆಕೆಂಡು ಹಿಡಿಯುವ ದಾರಿ, ನಾಲ್ಕು ಪಟ್ಟು ನಿಧಾನವಾದ ಪ್ರೊಸೆಸರ್, ಇವನ್ನೆಲ್ಲ ಊಹಿಸಿಕೊಂಡು ಲೆಕ್ಕ ಹಾಕಲಾಗುತ್ತದೆ. ಅದೂ ಕೂಡ ಪ್ರಯೋಗಶಾಲೆಯ ಅಳತೆಯೇ. ಓದುಗರ ನಿಜವಾದ ಅನುಭವ ಬೇಕೆಂದರೆ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ತಾಣದ ಮೇಲ್ಭಾಗದಲ್ಲಿ ಬರುವ ಅಂಕಿಗಳನ್ನು ನೋಡಿ. ಕ್ರೋಮ್ ಬಳಕೆದಾರರಿಂದ ಹಿಂದಿನ 28 ದಿನಗಳಲ್ಲಿ ಸಂಗ್ರಹವಾದ ಅಳತೆಗಳು ಅಲ್ಲಿರುತ್ತವೆ. ಭೇಟಿಗಳು ಕಡಿಮೆಯಿರುವ ತಾಣಕ್ಕೆ ಅವು ಸಿಗದೆಯೂ ಹೋಗಬಹುದು.

ಅಲ್ಲಿ ಮೂರು ಮುಖ್ಯ ಅಳತೆಗಳಿವೆ. ಎಲ್‌ಸಿಪಿ ಎಂದರೆ ಪರದೆಯ ಮೇಲಿನ ಅತಿ ದೊಡ್ಡ ಚಿತ್ರವೋ ಬರಹದ ಭಾಗವೋ ಮೂಡಲು ಹಿಡಿದ ಸಮಯ, 2.5 ಸೆಕೆಂಡಿನೊಳಗಿದ್ದರೆ ಒಳ್ಳೆಯದು, 4 ಸೆಕೆಂಡು ದಾಟಿದರೆ ಕಳಪೆ. ಐಎನ್‌ಪಿ ಎಂದರೆ ಮುಟ್ಟಿದ್ದಕ್ಕೆ ಪುಟ ಸ್ಪಂದಿಸಲು ಹಿಡಿಯುವ ಸಮಯ. 200 ಮಿಲಿಸೆಕೆಂಡಿನೊಳಗೆ ಇರಬೇಕು. ಹಿಂದೆ ಇದ್ದ ಎಫ್‌ಐಡಿ ಎಂಬ ಅಳತೆಯ ಜಾಗಕ್ಕೆ ಇದು ಬಂದದ್ದು 2024ರ ಮಾರ್ಚ್‌ನಲ್ಲಿ. ಸಿಎಲ್‌ಎಸ್ ಎಂದರೆ ಓದುತ್ತಿರುವಾಗ ಪುಟ ಎಷ್ಟು ಅಲುಗುತ್ತದೆ ಎಂಬುದು, 0.1ಕ್ಕಿಂತ ಹೆಚ್ಚಾಗಬಾರದು. ನೂರು ಭೇಟಿಗಳಲ್ಲಿ ಕನಿಷ್ಠ 75 ಈ ಮಿತಿಯೊಳಗೆ ಬಂದರೆ ಮಾತ್ರ ಉತ್ತೀರ್ಣ. ಹಾಗಾಗಿ ವೇಗದ ಸಂಪರ್ಕವಿರುವ ನಿಮ್ಮೊಬ್ಬರ ಕಂಪ್ಯೂಟರ್ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ನೀವು ಈಗ ಮಾಡಬೇಕಾದ ಕೆಲಸ ಒಂದೇ. ತಾಯಿಯವರ ಮೊಬೈಲನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸಿ, ಲಾಗಿನ್ ಆಗದೆ, ಬ್ರೌಸರಿನ ಕ್ಯಾಶ್ ಖಾಲಿ ಮಾಡಿ, ಕ್ರೋಮ್‌ನ ತಪಾಸಣಾ ಉಪಕರಣವಾದ ಡೆವ್‌ಟೂಲ್ಸ್‌ನ ನೆಟ್‌ವರ್ಕ್ ಪಟ್ಟಿಯನ್ನು ನೋಡಿ ನಾಲ್ಕು ಅಂಕಿಗಳನ್ನು ಬರೆದುಕೊಳ್ಳಿ: ಪುಟದ ಮೊದಲ ಬೈಟ್ ಬಂದದ್ದು ಯಾವಾಗ, ದೊಡ್ಡ ಚಿತ್ರವನ್ನು ಬ್ರೌಸರ್ ಕೇಳಿದ್ದು ಯಾವಾಗ, ಆ ಚಿತ್ರ ಪೂರ್ತಿ ಇಳಿದದ್ದು ಯಾವಾಗ, ಪರದೆಯ ಮೇಲೆ ಕಂಡದ್ದು ಯಾವಾಗ. ಲಾಗಿನ್ ಆಗಬೇಡಿ ಎಂದದ್ದಕ್ಕೆ ಕಾರಣವಿದೆ. ಲಾಗಿನ್ ಆದವರಿಗೆ ಸಾಮಾನ್ಯವಾಗಿ ಕ್ಯಾಶ್‌ನ ಪುಟ ಸಿಗುವುದಿಲ್ಲ. ನಿರ್ವಾಹಕರು ನೋಡುವ ತಾಣವೇ ಬೇರೆ, ಓದುಗರು ನೋಡುವ ತಾಣವೇ ಬೇರೆ.

ಹೊಸದಾರಿ:

ಇಷ್ಟೆಲ್ಲ ಅಳೆಯುವ ಬದಲು ಒಂದು ಸಿಡಿಎನ್ (ಓದುಗರಿಗೆ ಹತ್ತಿರದ ಸರ್ವರುಗಳಲ್ಲಿ ತಾಣದ ಪ್ರತಿಗಳನ್ನಿಡುವ ಜಾಲ) ಹಾಕಿಬಿಟ್ಟರೆ ಸಾಲದೇ? ನಮ್ಮ ತಾಣಕ್ಕೆ ಹಾಗೆ ಮಾಡಿದ ದಿನದಿಂದಲೇ ವ್ಯತ್ಯಾಸ ಕಾಣಿಸಿತು.

ಸರ್ವರ್‌ಕಾಯಕ:

ದೂರವೇ ತೊಂದರೆಯಾಗಿದ್ದರೆ ಖಂಡಿತ ಸಾಕು. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2,00,000 ಕಿಲೋಮೀಟರ್ ಸಾಗುತ್ತದೆ. ಸರ್ವರ್ 10,000 ಕಿಲೋಮೀಟರ್ ದೂರದಲ್ಲಿದ್ದರೆ ಹೋಗಿಬರಲು 100 ಮಿಲಿಸೆಕೆಂಡಿಗಿಂತ ಕಡಿಮೆ ಆಗುವಂತೆಯೇ ಇಲ್ಲ. ಪುಟ ಸಿಗುವ ಮುನ್ನ ಸಂಪರ್ಕ ತೆರೆಯುವ ಟಿಸಿಪಿಗೆ ಒಂದು ಸುತ್ತು, ಅದನ್ನು ಗುಪ್ತವಾಗಿಡುವ ಟಿಎಲ್‌ಎಸ್ 1.3 ಆದರೆ ಇನ್ನೊಂದು, 1.2 ಆದರೆ ಎರಡು, ಬಳಿಕ ಪುಟವನ್ನು ಕೇಳಿ ಪಡೆಯಲು ಮತ್ತೊಂದು, ಹೀಗೆ ಮೂರು ನಾಲ್ಕು ಬಾರಿ ಆ ದಾರಿಯನ್ನು ಸವೆಸಬೇಕು. ಈ ನಡಿಗೆಯನ್ನು ಸಿಡಿಎನ್ ಚಿಕ್ಕದು ಮಾಡುತ್ತದೆ.

ಆದರೆ ಸಾಮಾನ್ಯ ಸಿದ್ಧತೆಯಲ್ಲಿ ಹಲವು ಸಿಡಿಎನ್‌ಗಳು ಚಿತ್ರ, ಸಿಎಸ್‌ಎಸ್, ಸ್ಕ್ರಿಪ್ಟುಗಳನ್ನಷ್ಟೇ ಹತ್ತಿರದಲ್ಲಿ ಇಟ್ಟುಕೊಳ್ಳುತ್ತವೆ; ಪುಟದ ಮೂಲ ಬರಹವಾದ ಎಚ್‌ಟಿಎಂಎಲ್‌ಗಾಗಿ ಮೂಲ ಸರ್ವರಿಗೇ ಹೋಗುತ್ತವೆ. ಮೂಲ ಸರ್ವರ್ ಪುಟ ಕಟ್ಟಲು ಎರಡು ಸೆಕೆಂಡು ತೆಗೆದುಕೊಂಡರೆ ಆ ಎರಡು ಸೆಕೆಂಡು ಹಾಗೆಯೇ ಉಳಿಯುತ್ತದೆ. ಅಳೆಯದೆ ಗೊತ್ತಾಗುವುದು ಹೇಗೆ?

ದಾಖಲೆಮನೆ:

ಹೇಳಿದಂತೆಯೇ ಮಾಡಿದೆ, ಐದು ಬಾರಿ ಅಳೆದು ನಡುವಿನ ಅಂಕಿಯನ್ನು ತೆಗೆದುಕೊಂಡಿದ್ದೇನೆ. ಮೊದಲ ಬೈಟ್ 1.9 ಸೆಕೆಂಡಿಗೆ ಬಂತು. ದೊಡ್ಡ ಚಿತ್ರವನ್ನು ಬ್ರೌಸರ್ ಕೇಳಿದ್ದು 4.1ಕ್ಕೆ. ಅದು ಇಳಿದು ಮುಗಿದದ್ದು 6.6ಕ್ಕೆ, ಕಂಡದ್ದು 7.1ಕ್ಕೆ. ಚಿತ್ರದ ಗಾತ್ರ 1.1 ಎಂಬಿ, ಅಳತೆ 4000 ಗುಣಿಸು 3000 ಪಿಕ್ಸೆಲ್.

ನನಗೆ ಆಶ್ಚರ್ಯವಾದದ್ದು ನಡುವಿನ ಆ 2.2 ಸೆಕೆಂಡು. ಪುಟ ಬಂದಾಗಿದೆ, ಚಿತ್ರವನ್ನು ಇನ್ನೂ ಕೇಳಿಲ್ಲ. ಅಷ್ಟು ಹೊತ್ತು ಬ್ರೌಸರ್ ಏನು ಮಾಡುತ್ತಿರುತ್ತದೆ?

ಚಿತ್ರಶಾಲೆ:

ಆ 2.2 ಸೆಕೆಂಡಿಗೆ ಉತ್ತರ ನಿಮ್ಮ ಮೊದಲ ಬರಹದಲ್ಲೇ ಇದೆ: "ಎಲ್ಲ ಚಿತ್ರಗಳಿಗೂ ಲೇಜಿ ಲೋಡಿಂಗ್ ಹಾಕಿದ್ದೇವೆ."

ಬ್ರೌಸರಿಗೆ ಎಚ್‌ಟಿಎಂಎಲ್ ಬರತೊಡಗಿದ ಕೂಡಲೇ, ಪುಟವನ್ನು ಕಟ್ಟುವ ಕೆಲಸ ಒಂದೆಡೆ ನಡೆಯುತ್ತಿರುವಾಗಲೇ, ಪ್ರೀಲೋಡ್ ಸ್ಕ್ಯಾನರ್ ಎಂಬ ಇನ್ನೊಂದು ಭಾಗ ಮುಂದೆ ಓಡುತ್ತ ಯಾವ ಯಾವ ಫೈಲುಗಳು ಬೇಕಾಗಬಹುದು ಎಂದು ಹುಡುಕಿ, ಮುಂಚಿತವಾಗಿಯೇ ಕೇಳಿಡುತ್ತದೆ. ಅದು ಓದುವುದು ಎಚ್‌ಟಿಎಂಎಲ್ ಅನ್ನು ಮಾತ್ರ. ಸ್ಕ್ರಿಪ್ಟ್ ನಂಬಿದ ಹಳೆಯ ಮಾದರಿಯ ಲೇಜಿ ಲೋಡ್ ಪ್ಲಗಿನ್‌ಗಳು ಚಿತ್ರದ ನಿಜವಾದ ವಿಳಾಸವನ್ನು ಟ್ಯಾಗ್‌ನ ಬೇರೊಂದು ಗುಣದಲ್ಲಿ (ಆಟ್ರಿಬ್ಯೂಟ್) ಬಚ್ಚಿಟ್ಟು, ಮೂಲ ಜಾಗದಲ್ಲಿ ಖಾಲಿ ಚಿತ್ರವೊಂದನ್ನು ಇಡುತ್ತವೆ. ಸ್ಕ್ಯಾನರಿಗೆ ಆ ವಿಳಾಸ ಕಾಣುವುದೇ ಇಲ್ಲ. ನೀವು ಒಂದಾಗಿ ಜೋಡಿಸಿದ ಆ ಭಾರಿ ಜಾವಾಸ್ಕ್ರಿಪ್ಟ್ ಫೈಲು ಇಳಿದು, ಹಳೆಯ ಪ್ರೊಸೆಸರಿನಲ್ಲಿ ಓಡಿ, ಚಿತ್ರ ಪರದೆಯೊಳಗಿದೆ ಎಂದು ಕಂಡುಕೊಂಡು, ವಿಳಾಸವನ್ನು ಸ್ವಸ್ಥಾನಕ್ಕೆ ತಂದ ಮೇಲಷ್ಟೇ ಚಿತ್ರದ ಕರೆ ಹೊರಡುತ್ತದೆ. ಸಿಎಸ್‌ಎಸ್‌ನಲ್ಲಿ ಹಿನ್ನೆಲೆ ಚಿತ್ರವಾಗಿ ಹಾಕಿದರೂ ಹೆಚ್ಚುಕಡಿಮೆ ಇದೇ ಕಥೆ.

ಆದ್ದರಿಂದ ಮೊದಲ ಪರದೆಯ ದೊಡ್ಡ ಚಿತ್ರಕ್ಕೆ ಲೇಜಿ ಲೋಡಿಂಗ್ ಬೇಡವೇ ಬೇಡ. ಸಾದಾ ಇಮೇಜ್ ಟ್ಯಾಗ್ ಬಳಸಿ, ಅದಕ್ಕೆ ‘ಫೆಚ್‌ಪ್ರಯಾರಿಟಿ’ ಎಂಬ ಗುಣವನ್ನು ‘ಹೈ’ ಎಂದು ಕೊಡಿ. ಅಗಲ ಮತ್ತು ಎತ್ತರವನ್ನು ತಪ್ಪದೆ ಬರೆಯಿರಿ. ಆಗ ಚಿತ್ರ ಬರುವ ಮೊದಲೇ ಬ್ರೌಸರ್ ಜಾಗ ಕಾದಿರಿಸುತ್ತದೆ, ಪುಟ ಅಲುಗುವುದಿಲ್ಲ. ಕೆಳಗಿನ ಚಿತ್ರಗಳಿಗೆ ಬ್ರೌಸರಿನಲ್ಲೇ ಇರುವ ಲೇಜಿ ಸೌಲಭ್ಯ ಸಾಕು, ಪ್ಲಗಿನ್ ಬೇಕಿಲ್ಲ.

ಇನ್ನು ಗಾತ್ರ. ಮೊಬೈಲ್ ಪರದೆಯ ಅಗಲ 360 ಸಿಎಸ್‌ಎಸ್ ಪಿಕ್ಸೆಲ್ ಮತ್ತು ಸಾಂದ್ರತೆ 3 ಎಂದುಕೊಂಡರೆ ಅಲ್ಲಿ ತೋರಿಸಲು ಸಾಧ್ಯವಿರುವುದು 1080 ಪಿಕ್ಸೆಲ್ ಮಾತ್ರ. ನೀವು ಕಳಿಸುತ್ತಿರುವುದು 4000. ಅಂದರೆ 1080 ಗುಣಿಸು 810 ಸಾಕಾಗುವ ಕಡೆ ಹದಿಮೂರು ಪಟ್ಟಿಗಿಂತ ಹೆಚ್ಚು ಪಿಕ್ಸೆಲ್‌ಗಳನ್ನು ಇಳಿಸಿಕೊಂಡು, ಬಿಡಿಸಿ, ಕುಗ್ಗಿಸಿ, ಎಸೆಯುವ ಕೆಲಸವನ್ನು ಆ ಹಳೆಯ ಮೊಬೈಲಿಗೆ ಕೊಡುತ್ತಿದ್ದೀರಿ. ಫೈಲು 1.1 ಎಂಬಿ ಇದ್ದರೂ ಬಿಡಿಸಿದಾಗ ಪಿಕ್ಸೆಲ್ ಒಂದಕ್ಕೆ ನಾಲ್ಕು ಬೈಟ್‌ನಂತೆ 48 ಎಂಬಿ ನೆನಪಿನ ಜಾಗವನ್ನು ಅದು ಬೇಡುತ್ತದೆ. ‘ಎಸ್‌ಆರ್‌ಸಿ‌ಸೆಟ್’ ಮತ್ತು ‘ಸೈಜಸ್’ ಎಂಬ ಗುಣಗಳನ್ನು ಬಳಸಿ 480, 800, 1080, 1600 ಪಿಕ್ಸೆಲ್ ಅಗಲದ ಪ್ರತಿಗಳನ್ನು ಕೊಟ್ಟರೆ ಬ್ರೌಸರ್ ತನಗೆ ಬೇಕಾದುದನ್ನು ಆರಿಸಿಕೊಳ್ಳುತ್ತದೆ.

ವೆಬ್‌ಪಿ ಅಥವಾ ಎವಿಐಎಫ್ ಎಂಬ ಹೊಸ ಚಿತ್ರ ರೂಪಗಳಿಗೆ ಹೋದರೆ ಗಾತ್ರ ಇನ್ನೂ ಇಳಿಯುತ್ತದೆ. ಆದರೆ ನಿಮ್ಮದು ಹಳೆಯ ಛಾಯಾಚಿತ್ರಗಳ ಸಂಗ್ರಹವಾದ್ದರಿಂದ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಕಡಿಮೆ ಗುಣಮಟ್ಟದ ಎವಿಐಎಫ್‌ನಲ್ಲಿ ಫಿಲ್ಮ್‌ನ ಸಣ್ಣ ಕಣಗಳು ನಯವಾಗಿ ಅಳಿಸಿಹೋಗುತ್ತವೆ. ಅಂಥ ಕಣಗಳೂ ದಾಖಲೆಯ ಭಾಗವೇ ಎಂದು ನಂಬುವವನು ನಾನು. ಮೂಲ ಸ್ಕ್ಯಾನ್ ಅನ್ನು ಮುಟ್ಟದೆ ಬೇರೆಡೆ ಇರಿಸಿ, ತೋರಿಸುವ ಪ್ರತಿಗಳನ್ನು ಮಾತ್ರ ಪರಿವರ್ತಿಸಿ. ಪರಿವರ್ತಿಸಿದ ನಾಲ್ಕೈದು ಚಿತ್ರಗಳ ಮುಖ ಮತ್ತು ಬಟ್ಟೆಯ ಭಾಗವನ್ನು ಹಿಗ್ಗಿಸಿ ಕಣ್ಣಾರೆ ನೋಡಿ, ಆಮೇಲೆ ಗುಣಮಟ್ಟದ ಅಂಕಿಯನ್ನು ನಿಗದಿ ಮಾಡಿ.

ಸರ್ವರ್‌ಕಾಯಕ:

ಚಿತ್ರದ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಮೊದಲ ಬೈಟ್‌ಗೆ ಹಿಡಿದ 1.9 ಸೆಕೆಂಡಿನ ಬಗ್ಗೆ ನಾನು ಬರೆಯುತ್ತೇನೆ. ಇದು 0.8 ಸೆಕೆಂಡಿನೊಳಗೆ ಇರಬೇಕು. ಕ್ಯಾಶ್ ಇದ್ದೂ ಇಷ್ಟಾಗುತ್ತಿದೆ ಎಂದರೆ ಕ್ಯಾಶ್ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ.

ಪುಟದ ಜೊತೆ ಸರ್ವರ್ ಕಳಿಸುವ ಮಾಹಿತಿಯ ಸಾಲುಗಳಾದ ರೆಸ್ಪಾನ್ಸ್ ಹೆಡರ್‌ಗಳನ್ನು ತೆರೆದು ನೋಡಿ. ಕ್ಯಾಶ್‌ನಿಂದ ಬಂತೇ ಇಲ್ಲವೇ ಎಂಬುದನ್ನು ‘ಹಿಟ್’ ಅಥವಾ ‘ಮಿಸ್’ ಎಂದು ಹಲವು ವ್ಯವಸ್ಥೆಗಳು ಅಲ್ಲೇ ತಿಳಿಸುತ್ತವೆ. ‘ಸೆಟ್-ಕುಕೀ’ ಎಂಬ ಸಾಲು ಇದೆಯೇ ಎಂಬುದನ್ನೂ ಗಮನಿಸಿ. ಬಂದವರಿಗೆಲ್ಲ ಹೊಸ ಕುಕೀ (ಗುರುತಿನ ಚೀಟಿ) ಕೊಡುವ ಪ್ಲಗಿನ್ ಒಂದಿದ್ದರೆ, ಈ ಪುಟ ಒಬ್ಬರಿಗೇ ಸೇರಿದ್ದು, ಇನ್ನೊಬ್ಬರಿಗೆ ಕೊಡಬಾರದು ಎಂದು ತಿಳಿದು ಕ್ಯಾಶ್ ಅದನ್ನು ಉಳಿಸಿಕೊಳ್ಳುವುದೇ ಇಲ್ಲ. ಎರಡು ಕ್ಯಾಶ್ ಪ್ಲಗಿನ್‌ಗಳಲ್ಲಿ ಒಂದನ್ನು ಇವತ್ತೇ ತೆಗೆಯಿರಿ. ಒಂದು ಬರೆದ ನಿಯಮವನ್ನು ಇನ್ನೊಂದು ಅಳಿಸುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಕ್ಯಾಶ್‌ನಲ್ಲಿ ಇಲ್ಲದ ಪುಟವೂ ಬೇಗ ಸಿದ್ಧವಾಗಬೇಕು. 3,000 ಲೇಖನಗಳ ತಾಣದಲ್ಲಿ ಅಪರೂಪಕ್ಕೊಮ್ಮೆ ಓದುವ ಪುಟಗಳೇ ಹೆಚ್ಚಿರುತ್ತವೆ. ‘ಇವನ್ನೂ ಓದಿ’ ಎಂಬ ಪಟ್ಟಿ ನಿಮ್ಮಲ್ಲಿದ್ದು, ಪ್ರತಿ ಸಲವೂ ಬೇರೆ ಬೇರೆ ಲೇಖನಗಳನ್ನು ತೋರಿಸುತ್ತಿದ್ದರೆ, ಹಿಂದೆ ಯಾದೃಚ್ಛಿಕ ಕ್ರಮದಲ್ಲಿ ಜೋಡಿಸುವ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಇರುವ ಸಾಧ್ಯತೆ ಬಹಳ. ನಾಲ್ಕು ಲೇಖನಗಳನ್ನು ಆರಿಸಲು ಅದು ಇರುವ ಎಲ್ಲ ಸಾಲುಗಳಿಗೂ ಒಂದೊಂದು ಯಾದೃಚ್ಛಿಕ ಸಂಖ್ಯೆ ಕೊಟ್ಟು, ಎಲ್ಲವನ್ನೂ ಅದರಂತೆ ವಿಂಗಡಿಸುತ್ತದೆ. ಬೇಗ ಹುಡುಕಲೆಂದು ಡೇಟಾಬೇಸ್ ಇಟ್ಟುಕೊಳ್ಳುವ ಇಂಡೆಕ್ಸ್ ಅದಕ್ಕೆ ನೆರವಾಗುವುದಿಲ್ಲ. ಗಂಟೆಗೊಮ್ಮೆ ಆ ಪಟ್ಟಿಯನ್ನು ತಯಾರಿಸಿ ಉಳಿಸಿಟ್ಟರೆ ಓದುಗರಿಗೆ ಯಾವ ನಷ್ಟವೂ ಇಲ್ಲ.

ಹಳೆಯ ಕೊಂಡಿಗಳಿಂದ ಬರುವವರು ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ, ಅಲ್ಲಿಂದ ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ವಿಳಾಸಕ್ಕೆ, ಹೀಗೆ ಎರಡು ಬಾರಿ ತಿರುಗುತ್ತಿದ್ದಾರೆಯೇ ಎಂದೂ ನೋಡಿ. ಒಂದೇ ಹೆಜ್ಜೆಯಲ್ಲಿ ಕೊನೆಯ ವಿಳಾಸಕ್ಕೆ ಕಳಿಸಬಹುದು.

ಅಕ್ಷರಪ್ರೇಮಿ:

ಯಾರೂ ಫಾಂಟ್ ವಿಚಾರ ಎತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಒತ್ತಕ್ಷರಗಳಿರುವ ಲಿಪಿಗಳ ಫಾಂಟುಗಳು ಸಹಜವಾಗಿಯೇ ದೊಡ್ಡವು. ಪ್ರತಿ ವ್ಯಂಜನಕ್ಕೂ ಒತ್ತಿನ ರೂಪ, ಸ್ವರ ಸೇರಿದ ರೂಪ, ಅವನ್ನು ಕೂಡಿಸುವ ನಿಯಮಗಳು, ಎಲ್ಲವೂ ಅದರೊಳಗಿರಬೇಕು. ನಾಲ್ಕು ತೂಕಗಳಿದ್ದರೆ (ಅಕ್ಷರದ ದಪ್ಪಗಳು) ಎರಡಕ್ಕೆ ಇಳಿಸಿ. ಜಾಲಕ್ಕೆಂದೇ ಕುಗ್ಗಿಸಿದ ಡಬ್ಲ್ಯುಒಎಫ್‌ಎಫ್2 ರೂಪದಲ್ಲಿ, ನಿಮ್ಮದೇ ಸರ್ವರಿನಿಂದ ಕೊಡಿ. ಫಾಂಟ್ ಕತ್ತರಿಸಿ ಕಿರಿದು ಮಾಡುವ ಉಪಕರಣಗಳನ್ನು ಬಳಸುವಾಗ ಅಕ್ಷರ ಜೋಡಣೆಯ ಆ ನಿಯಮಗಳನ್ನು ಕಳೆಯದಂತೆ ನೋಡಿಕೊಳ್ಳಿ. ಒಮ್ಮೆ ನಾನು ಹಾಗೆ ಕಳೆದು, ಇಡೀ ತಾಣದಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಂತಿದ್ದನ್ನು ಓದುಗರೊಬ್ಬರು ತೋರಿಸಿಕೊಡುವವರೆಗೆ ಗಮನಿಸಿರಲಿಲ್ಲ.

‘ಫಾಂಟ್-ಡಿಸ್‌ಪ್ಲೇ’ಗೆ ‘ಸ್ವಾಪ್’ ಎಂದು ಕೊಟ್ಟರೆ ಫಾಂಟ್ ಬರುವ ತನಕ ಮೊಬೈಲಿನಲ್ಲೇ ಇರುವ ಅಕ್ಷರಗಳಲ್ಲಿ ಬರಹ ಕಾಣುತ್ತದೆ.

ಇನ್ನೊಂದು ಹಳೆಯ ನಂಬಿಕೆಯನ್ನೂ ಬಿಡಬೇಕು. ಎಲ್ಲರೂ ಬಳಸುವ ಸಾರ್ವಜನಿಕ ವಿಳಾಸದಿಂದ ಸ್ಕ್ರಿಪ್ಟ್ ಅಥವಾ ಫಾಂಟ್ ತಂದರೆ ಬೇರೆ ತಾಣದಲ್ಲಿ ಇಳಿಸಿಕೊಂಡದ್ದೇ ಇಲ್ಲಿಯೂ ಸಿಗುತ್ತದೆ ಎಂದು ಹೇಳುತ್ತಿದ್ದರು. ಕ್ರೋಮ್ 2020ರಲ್ಲಿ ತನ್ನ ಕ್ಯಾಶ್ ಅನ್ನು ತಾಣವಾರು ಬೇರ್ಪಡಿಸಿದ ಮೇಲೆ ಆ ಲಾಭ ಉಳಿದಿಲ್ಲ. ಹೊಸ ವಿಳಾಸಕ್ಕೆ ಸಂಪರ್ಕ ಬೆಳೆಸುವ ಖರ್ಚು ಮಾತ್ರ ಉಳಿದಿದೆ.

ನಿಧಾನಓದು:

ಅಕ್ಷರಪ್ರೇಮಿಯವರೇ, ‘ಸ್ವಾಪ್’ ವಿಷಯದಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ಎರಡು ಸಾಲು ಓದಿದ ಮೇಲೆ ಅಕ್ಷರದ ಆಕಾರ ಬದಲಾಗಿ, ಸಾಲುಗಳು ಮುರಿದು, ಓದುತ್ತಿದ್ದ ಜಾಗವೇ ಕೆಳಗೆ ಜಾರಿದರೆ ಅದು ಓದುಗರಿಗೆ ಮಾಡುವ ಅಗೌರವ ಎಂದೇ ನನ್ನ ಭಾವನೆ. ದೀರ್ಘ ಲೇಖನಗಳ ತಾಣಕ್ಕೆ ‘ಆಪ್ಷನಲ್’ ಎಂಬ ಆಯ್ಕೆ ವಾಸಿ: ಫಾಂಟ್ ಕ್ಷಣಮಾತ್ರದಲ್ಲಿ ಬಂದರೆ ಬಳಕೆಯಾಗುತ್ತದೆ, ಇಲ್ಲವಾದರೆ ಆ ಭೇಟಿಯಲ್ಲಿ ಮೊಬೈಲಿನ ಫಾಂಟೇ ಇರುತ್ತದೆ, ಮುಂದಿನ ಪುಟಕ್ಕೆ ಕ್ಯಾಶ್‌ನಿಂದ ಸಿಗುತ್ತದೆ.

ಅಕ್ಷರಪ್ರೇಮಿ:

ಲೇಖನದ ಒಡಲಿಗೆ ನಿಮ್ಮ ಮಾತನ್ನು ಒಪ್ಪುತ್ತೇನೆ. ಶೀರ್ಷಿಕೆಗೆ ಮಾತ್ರ ‘ಸ್ವಾಪ್’ ಇರಲಿ ಎನ್ನುವೆ. ಅಲ್ಲಿ ಜಾಗ ಮೊದಲೇ ನಿಗದಿಯಾಗಿರುವಂತೆ ಮಾಡಬಹುದು.

ಹೊಸದಾರಿ:

ಫೈಲುಗಳನ್ನು ಒಂದಾಗಿ ಜೋಡಿಸುವುದು ಒಳ್ಳೆಯದೇ ಅಲ್ಲವೇ? ಚಿತ್ರಶಾಲೆಯವರು ಅದನ್ನು ದೋಷದಂತೆ ಹೇಳಿದರು.

ಚಿತ್ರಶಾಲೆ:

ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮವಾದ ಎಚ್‌ಟಿಟಿಪಿಯ 1.1 ಆವೃತ್ತಿ ಇದ್ದ ಕಾಲದಲ್ಲಿ ಒಂದು ವಿಳಾಸಕ್ಕೆ ಬ್ರೌಸರುಗಳು ಸಾಮಾನ್ಯವಾಗಿ ಆರು ಸಂಪರ್ಕಗಳನ್ನಷ್ಟೇ ತೆರೆಯುತ್ತಿದ್ದವು. ಏಳನೆಯ ಫೈಲು ಸರದಿಯಲ್ಲಿ ನಿಲ್ಲಬೇಕಿತ್ತು. ಆಗ ಜೋಡಿಸುವುದರಲ್ಲಿ ಅರ್ಥವಿತ್ತು. 2015ರಲ್ಲಿ ಬಂದ ಎಚ್‌ಟಿಟಿಪಿ 2ರಲ್ಲಿ ಒಂದೇ ಸಂಪರ್ಕದಲ್ಲಿ ಹಲವು ಫೈಲುಗಳು ಒಟ್ಟಿಗೆ ಹರಿಯುತ್ತವೆ. ಈಗ ಎಲ್ಲವನ್ನೂ ಒಂದೇ ಮೂಟೆ ಕಟ್ಟಿದರೆ, ಮುಖಪುಟಕ್ಕೆ ಬೇಡದ ಸ್ಕ್ರಿಪ್ಟುಗಳೂ ಮುಖಪುಟದ ಓದುಗರ ಮೊಬೈಲಿಗೆ ಇಳಿಯುತ್ತವೆ, ಒಂದು ಸಾಲು ಬದಲಾದರೂ ಇಡೀ ಮೂಟೆಯನ್ನು ಮತ್ತೆ ತರಿಸಬೇಕಾಗುತ್ತದೆ. ಜೋಡಿಸುವುದನ್ನು ನಿಲ್ಲಿಸಿ, ಸ್ಕ್ರಿಪ್ಟುಗಳಿಗೆ ‘ಡಿಫರ್’ ಹಾಕಿ. ಪುಟವನ್ನು ಕಟ್ಟುವ ಕೆಲಸಕ್ಕೆ ಆಗ ತಡೆಯಾಗುವುದಿಲ್ಲ.

ದಾಖಲೆಮನೆ:

ಎರಡು ವಾರಗಳ ಬಳಿಕ ಬರೆಯುತ್ತಿದ್ದೇನೆ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಅದೇ ಮೊಬೈಲಿನಲ್ಲಿ ಮತ್ತೆ ಅಳೆದೆ.

ಕುಕೀ ಕೊಡುತ್ತಿದ್ದದ್ದು ಭೇಟಿಗಳನ್ನು ಎಣಿಸುವ ಪ್ಲಗಿನ್. ಆರು ವರ್ಷಗಳ ಹಿಂದೆ ನಾನೇ ಹಾಕಿದ್ದೆ, ಅದರ ಅಂಕಿಯನ್ನು ಈಗ ಯಾರೂ ನೋಡುತ್ತಿರಲಿಲ್ಲ. ಅದನ್ನೂ ಒಂದು ಕ್ಯಾಶ್ ಪ್ಲಗಿನ್ ಅನ್ನೂ ತೆಗೆದ ಮೇಲೆ ಮೊದಲ ಬೈಟ್ 1.9ರಿಂದ 0.5 ಸೆಕೆಂಡಿಗೆ ಇಳಿಯಿತು. ಒಟ್ಟು ಸಮಯ 5.7 ಆಯಿತು. ದೊಡ್ಡ ಚಿತ್ರವನ್ನು ಸಾದಾ ಇಮೇಜ್ ಟ್ಯಾಗ್‌ಗೆ ತಂದಾಗ ಆ 2.2 ಸೆಕೆಂಡಿನ ಕಾಯುವಿಕೆ 0.3ಕ್ಕೆ ಬಂದು, ಒಟ್ಟು 3.8 ಆಯಿತು. 1080 ಪಿಕ್ಸೆಲ್‌ನ ವೆಬ್‌ಪಿ ಪ್ರತಿ 140 ಕೆಬಿ ಇದೆ. ಅದನ್ನು ಹಾಕಿದ ಮೇಲೆ ಒಟ್ಟು 1.9. ಎವಿಐಎಫ್‌ನಲ್ಲಿ ಒಂದು ಹಳೆಯ ಗುಂಪುಚಿತ್ರವನ್ನು ಹಿಗ್ಗಿಸಿ ನೋಡಿದಾಗ ಹಿಂದಿನ ಸಾಲಿನಲ್ಲಿದ್ದವರ ಮುಖಗಳು ಮೇಣದಂತೆ ನುಣುಪಾಗಿದ್ದವು. ಚಿತ್ರಶಾಲೆಯವರ ಎಚ್ಚರಿಕೆ ನೆನಪಾಗಿ ಅದನ್ನು ಅಲ್ಲಿಗೇ ಕೈಬಿಟ್ಟೆವು.

ನಡುವೆ ನನ್ನಿಂದ ಒಂದು ತಪ್ಪಾಯಿತು. ಕ್ಯಾಶ್ ಅವಧಿ ಒಂದು ವರ್ಷ ಇರಬೇಕೆಂದು ಎಲ್ಲೋ ಓದಿ, ಎಚ್‌ಟಿಎಂಎಲ್ ಪುಟಗಳಿಗೂ ಅದನ್ನೇ ಕೊಟ್ಟುಬಿಟ್ಟೆ. ಮರುದಿನ ತಿದ್ದಿದ ಲೇಖನ ಕೆಲವು ಓದುಗರಿಗೆ ಹಳೆಯ ರೂಪದಲ್ಲೇ ಕಾಣುತ್ತಿದೆ. ಸರ್ವರಿನಲ್ಲಿ ಸರಿಪಡಿಸಿದ್ದೇನೆ, ಆದರೆ ಅವರ ಮೊಬೈಲಿನಲ್ಲಿ ಉಳಿದುಹೋದ ಪ್ರತಿಯನ್ನು ಹೇಗೆ ಹಿಂದಕ್ಕೆ ಪಡೆಯುವುದು?

ಸರ್ವರ್‌ಕಾಯಕ:

ಅಂಕಿಗಳನ್ನು ಓದಿ ಬಹಳ ಸಂತೋಷವಾಯಿತು. ಆದರೆ ಓದುಗರ ಬ್ರೌಸರ್ ಒಳಗೆ ಸೇರಿದ ಪ್ರತಿಯನ್ನು ಸರ್ವರಿನಿಂದ ಕರೆದು ತರಲು ಆಗುವುದಿಲ್ಲ. ಅವರು ಪುಟವನ್ನು ರೀಲೋಡ್ ಮಾಡಬೇಕು, ಇಲ್ಲವೇ ಲೇಖನಕ್ಕೆ ಹೊಸ ವಿಳಾಸ ಕೊಡಬೇಕು. ಒಂದೇ ದಿನದಲ್ಲಿ ಗಮನಿಸಿದ್ದೀರಿ, ಆದ್ದರಿಂದ ಕೆಲವರಿಗಷ್ಟೇ ತಗುಲಿರುತ್ತದೆ.

ಮುಂದಕ್ಕೆ ಹೀಗೆ ಮಾಡಿ. ಹೆಸರಿನಲ್ಲೇ ಆವೃತ್ತಿಯ ಗುರುತು ಇರುವ ಸಿಎಸ್‌ಎಸ್, ಸ್ಕ್ರಿಪ್ಟ್, ಫಾಂಟ್, ಚಿತ್ರಗಳಿಗೆ ಒಂದು ವರ್ಷ, ಅಂದರೆ 31536000 ಸೆಕೆಂಡು ಕೊಡಿ. ಬದಲಾದಾಗ ಹೆಸರೇ ಬದಲಾಗುವುದರಿಂದ ಹಳೆಯದು ಉಳಿಯುವ ಭಯವಿಲ್ಲ. ಎಚ್‌ಟಿಎಂಎಲ್‌ಗೆ ‘ನೋ-ಕ್ಯಾಶ್’ ಕೊಡಿ. ಹೆಸರು ಕೇಳಿ ಗಾಬರಿಯಾಗಬೇಡಿ, ಉಳಿಸಿಕೊಳ್ಳಬೇಡ ಎಂದು ಅದರ ಅರ್ಥವಲ್ಲ. ಬಳಸುವ ಮುನ್ನ ಪ್ರತಿ ಸಲವೂ ನನ್ನನ್ನು ಕೇಳು ಎಂದರ್ಥ. ಬದಲಾಗಿಲ್ಲದಿದ್ದರೆ ಸರ್ವರ್ 304 ಎಂಬ ಚಿಕ್ಕ ಉತ್ತರ ಕೊಡುತ್ತದೆ. ಉಳಿಸಿಕೊಳ್ಳಲೇಬೇಡ ಎನ್ನುವುದು ‘ನೋ-ಸ್ಟೋರ್’. ಅದನ್ನು ಇಲ್ಲಿ ಹಾಕಬೇಡಿ. ಹಿಂದಿನ ಪುಟಕ್ಕೆ ಮರಳುವಾಗ ಬ್ರೌಸರ್ ನೆನಪಿನಿಂದಲೇ ತಟ್ಟನೆ ತೋರಿಸುವ ಸೌಲಭ್ಯಕ್ಕೆ ಹಲವು ಸಂದರ್ಭಗಳಲ್ಲಿ ಅದು ಅಡ್ಡಬರುತ್ತದೆ.

ದಾಖಲೆಮನೆ:

ಹಾಗೆಯೇ ಬದಲಿಸಿದ್ದೇನೆ, ಧನ್ಯವಾದಗಳು. ಉಳಿದಿರುವುದು ಹುಡುಕಾಟದ ಪುಟ. ಅಲ್ಲಿ ಮೊದಲ ಬೈಟ್‌ಗೇ ಮೂರು ಸೆಕೆಂಡು ಹಿಡಿಯುತ್ತಿದೆ.

ಸರ್ವರ್‌ಕಾಯಕ:

ಹುಡುಕುವ ಪದದ ಎರಡೂ ಬದಿಗೆ ಶೇಕಡಾ ಚಿಹ್ನೆ (ಏನಿದ್ದರೂ ಸರಿ ಎಂಬ ಗುರುತು) ಇಟ್ಟು ‘ಲೈಕ್’ ಎಂಬ ಡೇಟಾಬೇಸ್ ಆದೇಶದ ಮೂಲಕ ಹುಡುಕುವುದು ವರ್ಡ್‌ಪ್ರೆಸ್‌ನ ಮೂಲ ಪದ್ಧತಿ. ಪದದ ಆರಂಭ ಗೊತ್ತಿಲ್ಲದ ಕಾರಣ ಸಾಮಾನ್ಯ ಇಂಡೆಕ್ಸ್ ಉಪಯೋಗಕ್ಕೆ ಬರುವುದಿಲ್ಲ, ಎಲ್ಲ ಲೇಖನಗಳ ಒಡಲನ್ನೂ ಮೊದಲಿನಿಂದ ಕೊನೆಯವರೆಗೆ ಓದಲಾಗುತ್ತದೆ. ಆ ಕ್ವೆರಿಯ ಮುಂದೆ ‘ಎಕ್ಸ್‌ಪ್ಲೇನ್’ ಸೇರಿಸಿ ನಡೆಸಿ, ಎಷ್ಟು ಸಾಲುಗಳನ್ನು ಅದು ತಡಕುತ್ತಿದೆ ಎಂಬುದನ್ನು ಇಲ್ಲಿ ಹಾಕಿ. ನಾನು ಊಹಿಸಿದಂತೆಯೇ ಇದ್ದರೆ ಒಡಲಿನ ಪದಗಳನ್ನು ಪಟ್ಟಿ ಮಾಡಿಡುವ ಫುಲ್‌ಟೆಕ್ಸ್ಟ್ ಇಂಡೆಕ್ಸ್ ಕಟ್ಟುವ ಬಗೆಯನ್ನು ಬರೆಯುತ್ತೇನೆ. ಅದಕ್ಕೂ ಮೊದಲು ಡೇಟಾಬೇಸಿನ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳಿ.